ಸ್ವಾವಲಂಬನೆಯ ಗ್ರಂಥಗಳೂ ವೈಟ್‌ಫೀಲ್ಡಿನ ನೆಲವೂ

ಸ್ವಾರ್ಥವನ್ನು ಮನುಷ್ಯನಿಗೆ ಯಾರೂ ಕಲಿಸಬೇಕಾದದ್ದಿಲ್ಲ. ಹಾಲಿಗಾಗಿ ಅಳುವ ಹಸುಗೂಸು ಯಾವ ಗ್ರಂಥವನ್ನೂ ಓದಿರುವುದಿಲ್ಲ. ಆದರೆ ಸ್ವಾರ್ಥವೇ ಸದ್ಗುಣ, ಅದೂ ವಿಚಾರದಿಂದ ಸಿದ್ಧವಾಗತಕ್ಕ ಸದ್ಗುಣ ಎಂದು ನಂಬಬೇಕಾದರೆ ಪುಸ್ತಕ ಬೇಕು. ಅಂಥ ಪುಸ್ತಕಗಳಿಗೆ ಬೆಂಗಳೂರಿನಲ್ಲಿ ಎಂದೂ ಬರವಿರಲಿಲ್ಲ. ಮಹಾತ್ಮ ಗಾಂಧಿ ರಸ್ತೆಯ ಫುಟ್‌ಪಾತಿನಲ್ಲಿ, ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ, ಎಂಜಿನಿಯರಿಂಗ್ ವಿದ್ಯಾರ್ಥಿಗಳ ಹಾಸ್ಟೆಲಿನ ಕಿಟಕಿಯ ಮೇಲೆ ಎರಡು ದಪ್ಪ ಇಂಗ್ಲಿಷ್ ಕಾದಂಬರಿಗಳನ್ನು ನಾನು ನೋಡುತ್ತ ಬಂದಿದ್ದೇನೆ. ಒಂದು 1943ರಲ್ಲಿ ಹೊರಬಂದ 'ದಿ ಫೌಂಟನ್‌ಹೆಡ್'. ಮತ್ತೊಂದು 1957ರ 'ಅಟ್ಲಾಸ್ ಶ್ರಗ್ಡ್'. ಎರಡನ್ನೂ ಬರೆದಾಕೆ ಐನ್ ರಾಂಡ್. ನಾನೂ ನನ್ನ ಇಪ್ಪತ್ತರ ವಯಸ್ಸಿನಲ್ಲಿ ಎರವಲು ತಂದು ಓದಿದವನೇ. ಮೊದಲನೆಯದನ್ನು ಮೂರು ರಾತ್ರಿಗಳಲ್ಲಿ ಮುಗಿಸಿದೆ, ಎರಡನೆಯದಕ್ಕೆ ಒಂದು ಬೇಸಗೆಯೇ ಹಿಡಿಯಿತು.

ಈ ಪುಸ್ತಕಗಳನ್ನು ಮೆಚ್ಚಿ ಓದಿದ ತರುಣರಲ್ಲಿ ಬಹುಮಂದಿ ಮುಂದೆ ದುಡಿಯಲು ಹೋದದ್ದು ನಗರದ ಹೊರವಲಯಕ್ಕೆ: ಪೂರ್ವದಲ್ಲಿ ವೈಟ್‌ಫೀಲ್ಡ್, ದಕ್ಷಿಣದಲ್ಲಿ ಎಲೆಕ್ಟ್ರಾನಿಕ್ ಸಿಟಿ, ವಾಯವ್ಯದಲ್ಲಿ ಪೀಣ್ಯ. ಈ ಮೂರು ಸ್ಥಳಗಳನ್ನು ಸ್ವಂತ ಬುದ್ಧಿ, ಸ್ವಂತ ಸಾಹಸಗಳ ಸ್ಮಾರಕಗಳೆಂದು ಹೊಗಳುವುದು ಈಗ ವಾಡಿಕೆ. ಹೊಗಳಿಕೆಯಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ಆದರೆ ಆ ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಂಡು ಈ ಊರುಗಳ ಚರಿತ್ರೆಯನ್ನು ಓದಿದರೆ ಪುಸ್ತಕದಲ್ಲಿ ಇಲ್ಲದ ಒಂದು ಪಾತ್ರ ನೆಲದ ಮೇಲೆ ಪದೇ ಪದೇ ಕಾಣಸಿಗುತ್ತದೆ. ಅದು ದಾನಿಯ ಪಾತ್ರ.

ಮೊದಲು ಗ್ರಂಥಗಳ ವಂಶಾವಳಿಯನ್ನು ನಾಲ್ಕು ಮಾತಿನಲ್ಲಿ ಮುಗಿಸಿಬಿಡುವೆನು. 1776ರಲ್ಲಿ ಆಡಂ ಸ್ಮಿತ್ತನು ರಾಷ್ಟ್ರಗಳ ಸಂಪತ್ತನ್ನು ಕುರಿತ ತನ್ನ ಮಹಾಗ್ರಂಥವನ್ನು ಪ್ರಕಟಿಸಿದನು. ವ್ಯಾಪಾರಿಯು ತನ್ನ ಲಾಭವನ್ನು ನೋಡಿಕೊಂಡೇ ಊರಿಗೆ ಉಪಕಾರಿಯಾಗುತ್ತಾನೆಂಬ ಅವನ ವಾದವನ್ನು ಎಲ್ಲರೂ ಬಲ್ಲರು. ಅದಕ್ಕೂ ಹದಿನೇಳು ವರ್ಷ ಮೊದಲೇ, 1759ರಲ್ಲಿ, ಅವನು ನೈತಿಕ ಭಾವನೆಗಳ ವಿಷಯವಾಗಿ ಇನ್ನೊಂದು ಗ್ರಂಥ ಬರೆದು, ಅದನ್ನು ಪರರ ಸುಖದುಃಖಗಳಲ್ಲಿ ಮನುಷ್ಯನಿಗಿರುವ ಸಹಾನುಭೂತಿಯಿಂದಲೇ ಪ್ರಾರಂಭಿಸಿದನೆಂಬುದನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. (ಸ್ಮಿತ್ತನನ್ನು ಬೆಂಗಳೂರಿನ ದಂಡಿನಲ್ಲಿ ಕುಳಿತು ಓದಿದ ಪ್ರಸಿದ್ಧನೊಬ್ಬನುಂಟು. 1896ರಲ್ಲಿ ಕುದುರೆಯ ಪಡೆಯ ಕಿರಿಯ ಅಧಿಕಾರಿಯಾಗಿ ಇಲ್ಲಿಗೆ ಬಂದ ವಿನ್‌ಸ್ಟನ್ ಚರ್ಚಿಲ್ ಮಧ್ಯಾಹ್ನದ ಬಿಸಿಲಿನ ಹೊತ್ತನ್ನು ಗಿಬ್ಬನ್, ಮೆಕಾಲೆ, ಸ್ಮಿತ್ತರ ಸಂಪುಟಗಳಿಗೆ ಮೀಸಲಾಗಿಟ್ಟಿದ್ದನು. ಬೆಂಗಳೂರು ಕ್ಲಬ್ಬಿಗೆ ಅವನು 13 ರೂಪಾಯಿ ಬಾಕಿ ಉಳಿಸಿಕೊಂಡದ್ದು ಬೇರೆ ಮಾತು.) ಆಮೇಲೆ 1859 ಬಂದಿತು. ಆ ಒಂದೇ ವರ್ಷದಲ್ಲಿ ಜಾನ್ ಸ್ಟುವರ್ಟ್ ಮಿಲ್ಲನ ಸ್ವಾತಂತ್ರ್ಯದ ಪ್ರಬಂಧವೂ ಸ್ಯಾಮ್ಯುಯೆಲ್ ಸ್ಮೈಲ್ಸನ 'ಸೆಲ್ಫ್ ಹೆಲ್ಪ್' ಎಂಬ ಪುಸ್ತಕವೂ ಲಂಡನ್ನಿನಲ್ಲಿ ಅಚ್ಚಾದುವು.

ಮಿಲ್ಲನನ್ನು ಪಂಡಿತರು ಓದಿದರು. ಸ್ಮೈಲ್ಸನನ್ನು ಲೋಕವೇ ಓದಿತು. ಸ್ಕಾಟ್ಲೆಂಡಿನ ವೈದ್ಯನಾಗಿದ್ದು ಬಳಿಕ ಪತ್ರಕರ್ತನಾದ ಈತನು, ಲೀಡ್ಸ್ ನಗರದ ಕೆಲವು ಬಡ ಕಾರ್ಮಿಕರು ತಾವೇ ನಡೆಸಿಕೊಂಡ ರಾತ್ರಿಶಾಲೆಯಲ್ಲಿ 1845ರಲ್ಲಿ ಮಾಡಿದ ಭಾಷಣಗಳಿಂದ ಆ ಪುಸ್ತಕ ಬೆಳೆದದ್ದು. ಕುಂಬಾರರು, ನೇಕಾರರು, ಗಣಿಯ ಮಕ್ಕಳು ತಮ್ಮ ಪ್ರಯತ್ನದಿಂದಲೇ ದೊಡ್ಡವರಾದ ಕಥೆಗಳು ಅದರ ತುಂಬ. ಅದು ಜಗತ್ತಿನ ಹತ್ತಾರು ಭಾಷೆಗಳಿಗೆ ಹೋಯಿತು. ನಮ್ಮ ದೇಶದಲ್ಲಿ ಇಂಗ್ಲಿಷ್ ಕಲಿತ ಮೊದಲ ತಲೆಮಾರಿನವರ ಕಪಾಟುಗಳಲ್ಲಿ ಅದಕ್ಕೊಂದು ಸ್ಥಾನವಿತ್ತು. ಆದರೆ ಗ್ರಂಥಕರ್ತನಿಗೆ ಒಂದು ಕೊರಗು ಉಳಿಯಿತು. 1866ರ ಆವೃತ್ತಿಗೆ ಮುನ್ನುಡಿ ಬರೆಯುವಾಗ ಅವನು, ಹೆಸರನ್ನು ನೋಡಿ ಜನರು ಇದನ್ನು ಸ್ವಾರ್ಥದ ಸ್ತೋತ್ರವೆಂದು ತಿಳಿದಿದ್ದಾರೆ, ನಾನು ಹೇಳಹೊರಟದ್ದು ಅದಕ್ಕೆ ತೀರ ವಿರುದ್ಧ ಎಂಬ ಅರ್ಥದಲ್ಲಿ ಹಲುಬಿಕೊಂಡಿದ್ದಾನೆ. ತನ್ನ ಕೈಲಾದದ್ದನ್ನು ತಾನು ಮಾಡಿಕೊಳ್ಳುವುದು ಬೇರೆ, ತನ್ನದನ್ನು ಮಾತ್ರ ನೋಡಿಕೊಳ್ಳುವುದು ಬೇರೆ ಎಂಬುದು ಅವನ ಅಳಲು.

ಸ್ಮೈಲ್ಸನ ಕಾಲದ ಗಾಳಿ ಬೆಂಗಳೂರಿನ ಹೊರಭೂಮಿಯ ಮೇಲೆ ನೇರವಾಗಿ ಬೀಸಿದ ಒಂದು ಪ್ರಸಂಗವಿದೆ. ಇಂದು ವೈಟ್‌ಫೀಲ್ಡ್ ಎಂದೊಡನೆ ಗಾಜಿನ ಕಟ್ಟಡಗಳನ್ನು ಕಾಣುವವರಿಗೆ ಆ ಹೆಸರೇ ಒಂದು ಸ್ವಾವಲಂಬನೆಯ ಪ್ರಯೋಗದ ಗುರುತೆಂಬುದು ಹೊಳೆಯದಿರಬಹುದು.

ಈಸ್ಟ್ ಇಂಡಿಯಾ ಕಂಪನಿಯ ದಿನಗಳಲ್ಲಿ ಯೂರೋಪಿಯನ್ ತಂದೆಯರಿಗೂ ಭಾರತೀಯ ತಾಯಂದಿರಿಗೂ ಹುಟ್ಟಿ ಬೆಳೆದ ಜನಾಂಗವನ್ನು ಆ ಕಾಲದ ಕಾಗದಪತ್ರಗಳು ಯುರೇಷಿಯನ್ನರೆಂದು ಕರೆದುವು. ಮುಂದೆ ಆಂಗ್ಲೋ-ಇಂಡಿಯನ್ನರೆಂಬ ಹೆಸರು ನಿಂತಿತು. 18ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಕಂಪನಿಯು ಒಂದರ ಮೇಲೊಂದು ಆಜ್ಞೆ ಹೊರಡಿಸಿ ತನ್ನ ಮೇಲಧಿಕಾರದ ಹುದ್ದೆಗಳಿಂದ ಇವರನ್ನು ಹೊರಗಿಟ್ಟಿತು. ಆಮೇಲೆ ರೈಲು ಬಂದಿತು, ತಂತಿ ಬಂದಿತು. ಅಲ್ಲಿ ಇವರಿಗೆ ಸಣ್ಣಪುಟ್ಟ ಕೆಲಸಗಳು ದೊರೆತುವು. ಹೀಗೆ ಒಂದು ಸಮುದಾಯವೇ ಸರ್ಕಾರದ ಬಾಗಿಲಲ್ಲಿ ನಿಂತುಕೊಂಡು ಬದುಕುವ ಸ್ಥಿತಿಗೆ ಬಂದಿತು. ಇಂಗ್ಲಿಷ್ ಕಲಿತ ಭಾರತೀಯರು ಗುಮಾಸ್ತಗಿರಿಗೆ ಸ್ಪರ್ಧೆ ಹೂಡಿದಾಗ ಆ ಬಾಗಿಲೂ ಕಿರಿದಾಯಿತು.

ಮದರಾಸಿನಲ್ಲಿ ಈ ಜನರ ಮುಖಂಡನಾಗಿದ್ದ ಡಿ. ಎಸ್. ವೈಟ್ ಎಂಬಾತನು 1870ರ ದಶಕದ ಕೊನೆಯಲ್ಲಿ ಒಂದು ಸಂಘವನ್ನು ಕಟ್ಟಿದನು. ಕಚೇರಿಯ ಕುರ್ಚಿಯನ್ನು ನಂಬಿ ಕೂರಬೇಡಿ, ಭೂಮಿಗೆ ಇಳಿಯಿರಿ, ಕೈಕಸುಬು ಹಿಡಿಯಿರಿ, ನಿಮ್ಮ ಕಾಲ ಮೇಲೆ ನೀವು ನಿಲ್ಲಿರಿ ಎಂಬುದು ಅವನ ಬೋಧೆಯ ಸಾರ. ಮೈಸೂರು ಮತ್ತು ಕೊಡಗುಗಳಲ್ಲಿಯೂ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘ ಹುಟ್ಟಿಕೊಂಡಿತು. ಐವತ್ತು ವರ್ಷಗಳ ಕಮಿಷನರರ ಆಡಳಿತ ಮುಗಿದು 1881ರಲ್ಲಿ ಮೈಸೂರು ಮತ್ತೆ ಅರಸರ ಕೈಗೆ ಬಂದಿತ್ತು. ದಿವಾನ್ ರಂಗಾಚಾರ್ಲು ಅಧಿಕಾರದಲ್ಲಿದ್ದರು. ರಾಜ್ಯಾಧಿಕಾರ ವಹಿಸಿಕೊಂಡು ಒಂದು ವರ್ಷ ಕಳೆದಿದ್ದ ಚಾಮರಾಜೇಂದ್ರ ಒಡೆಯರು 1882ರ ಏಪ್ರಿಲಿನಲ್ಲಿ ಆ ಸಂಘಕ್ಕೆ, ವ್ಯವಸಾಯದ ವಸಾಹತುಗಳನ್ನು ಏರ್ಪಡಿಸುವುದಕ್ಕಾಗಿ, 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ವೈಟನ ಹೆಸರು ಊರಿಗೆ ಬಂದಿತು.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಯಾರ ಹಂಗಿಗೂ ಬೀಳಬಾರದೆಂಬ ಸಂಕಲ್ಪದಿಂದ ಹುಟ್ಟಿದ ಊರು; ಅದಕ್ಕೆ ತಳಹದಿ ಮಹಾರಾಜರ ದತ್ತಿ! ಇದನ್ನು ಹಾಸ್ಯಕ್ಕೆ ಹೇಳುತ್ತಿಲ್ಲ. ವೈಟನು ಕಪಟಿಯಲ್ಲ. ಸ್ವಂತ ಕಾಲ ಮೇಲೆ ನಿಲ್ಲಬೇಕಾದವನಿಗೆ ಮೊದಲು ನಿಲ್ಲುವುದಕ್ಕೆ ನೆಲ ಬೇಕು ಎಂಬ ಸರಳ ಸಂಗತಿಯನ್ನು ಅವನು ಬಲ್ಲವನಾಗಿದ್ದನು; ಅದಕ್ಕಾಗಿ ಕೈಯೊಡ್ಡಲು ನಾಚಲಿಲ್ಲ.

ಪ್ರಯೋಗದ ಫಲವೇನಾಯಿತು? ಊರನ್ನು ವರ್ತುಲಾಕಾರವಾಗಿ ಹಾಕಿದರು. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ಬೀದಿಗಳ ಹೆಸರು ಇಂದಿಗೂ ಇವೆ. ಹಂಚಿನ ಮಾಡಿನ ಮನೆಗಳೆದ್ದುವು, ಇಗರ್ಜಿಗಳೆದ್ದುವು. ಜೋಲಾರಪೇಟೆಯ ರೈಲುದಾರಿ 1864ರಿಂದಲೇ ಸಮೀಪದಲ್ಲಿತ್ತು. ಆದರೆ ಅದು ರಾಗಿ ಬೆಳೆಯುವ ಮಳೆಯಾಧಾರದ ನೆಲ. ಅಲ್ಲಿಗೆ ಬಂದವರಲ್ಲಿ ತಂತಿಯ ಯಂತ್ರವನ್ನು ಬಲ್ಲವರಿದ್ದರೇ ಹೊರತು ಕೂರಿಗೆಯನ್ನು ಬಲ್ಲವರು ವಿರಳ. 1907ರ ಹೊತ್ತಿಗೆ ಆ ವಸಾಹತಿನಲ್ಲಿ ಇದ್ದದ್ದು 45 ಮನೆ, ಸುಮಾರು 130 ಜನ. ವೈಟನು ಇದನ್ನು ನೋಡಲಿಲ್ಲ, ಅವನು 1889ರಲ್ಲೇ ತೀರಿಕೊಂಡಿದ್ದನು. ಒಕ್ಕಲಿಗರ ಊರಾಗಬೇಕೆಂದಿದ್ದದ್ದು ಬರುಬರುತ್ತ ಪಿಂಚಣಿದಾರರ ಊರಾಯಿತು: ಕೋಲಾರದ ಚಿನ್ನದ ಗಣಿಯಿಂದ, ರೈಲು ಇಲಾಖೆಯಿಂದ ನಿವೃತ್ತರಾದವರು ಬಂದು ಗುಲಾಬಿ ಗಿಡ ಬೆಳೆಸಿ, ಕೋಳಿ ಸಾಕಿ, ಸಂಜೆ ಜಗುಲಿಯಲ್ಲಿ ಕೂರುವ ಊರು. ಇಲ್ಲಿನ ವೇವರ್ಲಿ ಇನ್ ಎಂಬ ಬಿಡಾರದ ಯಜಮಾನನ ಮಗಳನ್ನು ಚರ್ಚಿಲ್ ಮೋಹಿಸಿದ್ದನೆಂಬ ಕಥೆಯೂ ಉಂಟು. ಅದನ್ನು ನಂಬುವುದೂ ಬಿಡುವುದೂ ಓದುಗರಿಗೆ ಸೇರಿದ್ದು.

ಇದೇ ಕನಸನ್ನು ಐವತ್ತು ವರ್ಷಗಳ ನಂತರ, 1933ರಲ್ಲಿ, ಈಗಿನ ಝಾರ್ಖಂಡದ ಕಾಡಿನಲ್ಲಿ ಮೆಕ್ಲಸ್ಕಿಗಂಜ್ ಎಂಬ ಹೆಸರಿನಿಂದ ಮತ್ತೊಮ್ಮೆ ಪ್ರಯತ್ನಿಸಿದರು. ಅಲ್ಲಿಯೂ ಹೆಚ್ಚುಕಡಿಮೆ ಇದೇ ಕಥೆ.

ಈಗ ಐನ್ ರಾಂಡಳ ಕಡೆಗೆ ತಿರುಗೋಣ. ಅವಳ ಮತವನ್ನು ಹೇಳುವಾಗ ನ್ಯಾಯ ತಪ್ಪಬಾರದು. ಅವಳು 1905ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದವಳು. ಆಲಿಸಾ ರೋಜೆನ್‌ಬಾಮ್ ಎಂಬುದು ಮೊದಲ ಹೆಸರು. ತಂದೆಯ ಔಷಧದಂಗಡಿಯನ್ನು ಬೊಲ್ಶೆವಿಕ್ ಸರ್ಕಾರ ವಶಪಡಿಸಿಕೊಂಡದ್ದನ್ನು ಹುಡುಗಿಯಾಗಿ ಕಣ್ಣಾರೆ ಕಂಡವಳು. ಲೋಕಹಿತದ ಹೆಸರಿನಲ್ಲಿ ಬಂದವರು ಅಂಗಡಿಗೆ ಬೀಗ ಹಾಕಿದ ಮೇಲೆ 'ಲೋಕಹಿತ' ಎಂಬ ಮಾತೇ ಅವಳ ಕಿವಿಗೆ ಕಹಿಯಾದದ್ದರಲ್ಲಿ ಆಶ್ಚರ್ಯವೇನು? 1926ರಲ್ಲಿ ಅಮೆರಿಕ ಸೇರಿದಳು. ಹನ್ನೆರಡು ಮಂದಿ ಪ್ರಕಾಶಕರು ಬೇಡವೆಂದ ಮೇಲೆ 'ದಿ ಫೌಂಟನ್‌ಹೆಡ್' ಅಚ್ಚಾಯಿತು. ಅದರ ನಾಯಕನು ವಾಸ್ತುಶಿಲ್ಪಿ. ತಾನು ಬರೆದ ನಕ್ಷೆಯನ್ನು ಇತರರು ತಿದ್ದಿದರೆಂದು, ಬಡವರಿಗಾಗಿ ಕಟ್ಟುತ್ತಿದ್ದ ವಸತಿಗಳನ್ನೇ ಸಿಡಿಮದ್ದಿಟ್ಟು ಉರುಳಿಸುತ್ತಾನೆ. 1964ರಲ್ಲಿ ಬಂದ ಪ್ರಬಂಧ ಸಂಗ್ರಹಕ್ಕೆ ಸ್ವಾರ್ಥವೇ ಸದ್ಗುಣವೆಂಬ ಅರ್ಥದ ಹೆಸರನ್ನೇ ಇಟ್ಟಳು. ಅವಳು ಹೇಳುವ ಸ್ವಾರ್ಥ ಜೇಬುಗಳ್ಳನ ಸ್ವಾರ್ಥವಲ್ಲ. ಬಲಾತ್ಕಾರ ಕೂಡದು, ವಂಚನೆ ಕೂಡದು. ನಾನು ಇನ್ನೊಬ್ಬರಿಗಾಗಿ ಬಲಿಯಾಗಬೇಕಾದದ್ದಿಲ್ಲ, ಇನ್ನೊಬ್ಬರನ್ನು ನನಗಾಗಿ ಬಲಿಗೊಡುವ ಹಕ್ಕೂ ನನಗಿಲ್ಲ. ವ್ಯವಹಾರವೆಲ್ಲ ಕೊಟ್ಟು ಕೊಳ್ಳುವುದರಿಂದ ನಡೆಯತಕ್ಕದ್ದು. ಇಷ್ಟರಮಟ್ಟಿಗೆ ಇದು ಮರ್ಯಾದಸ್ಥರ ಮತವೇ.

'ಅಟ್ಲಾಸ್ ಶ್ರಗ್ಡ್' ಕಾದಂಬರಿಯಲ್ಲಿ ದೇಶದ ಪ್ರತಿಭಾವಂತರೆಲ್ಲ ಮುಷ್ಕರ ಹೂಡಿ ಕೊಲರಾಡೋ ಪರ್ವತಗಳ ನಡುವಿನ ಒಂದು ಕಣಿವೆಯಲ್ಲಿ ಅಡಗಿಕೊಳ್ಳುತ್ತಾರೆ. ಅಲ್ಲಿ ಒಂದು ಕಟ್ಟಳೆ: 'ಕೊಡು' ಎಂಬ ಮಾತನ್ನು ಯಾರೂ ಬಳಸಕೂಡದು. ಒಂದು ದಿನಕ್ಕೆ ಕಾರು ಬೇಕಾದರೂ ಬಾಡಿಗೆ ತೆರಬೇಕು. ಕಾದಂಬರಿಗಾರ್ತಿ ಬಹು ಜಾಣೆ. ಆ ಕಣಿವೆಯ ನೆಲ ಯಾರ ದಾನವೂ ಆಗದಂತೆ ಎಚ್ಚರ ವಹಿಸಿದ್ದಾಳೆ; ಒಬ್ಬ ಸಾಹುಕಾರನು ಅದನ್ನು ಮೊದಲೇ ಕ್ರಯಕ್ಕೆ ಕೊಂಡಿರುತ್ತಾನೆ. ನನಗೆ ಇನ್ನೊಂದು ಸಂಗತಿಯೂ ಗಮನಕ್ಕೆ ಬಂದಿತು. ಆ ಕಣಿವೆಯಲ್ಲಿ ಮಕ್ಕಳು ಬಹು ಅಪೂರ್ವ. ಹಾಸಿಗೆ ಹಿಡಿದ ಮುದುಕರಂತೂ ನೆನಪಿನಲ್ಲಿ ಉಳಿಯುವಂತೆ ಒಬ್ಬರೂ ಇಲ್ಲ. ಲೆಕ್ಕ ಸರಿಹೋಗಬೇಕಾದರೆ ಅವರು ಇರಕೂಡದಷ್ಟೆ!

ಅದೇ ಕಾಲದಲ್ಲಿ ಕನ್ನಡದ ಕಾದಂಬರಿಯೂ ವ್ಯಕ್ತಿಯನ್ನು ಹುಡುಕಿಕೊಂಡು ಹೊರಟಿತ್ತು. 1965ರ 'ಸಂಸ್ಕಾರ'ದ ಪ್ರಾಣೇಶಾಚಾರ್ಯರು ಅಗ್ರಹಾರವನ್ನು ಬಿಟ್ಟು ನಡೆಯುತ್ತ ಹೋಗುತ್ತಾರೆ. ಆದರೆ ನಮ್ಮ ನವ್ಯದ ನಾಯಕನಿಗೆ ಹೆಜ್ಜೆ ಹೆಜ್ಜೆಗೂ ಸಂದೇಹ. ರಾಂಡಳ ನಾಯಕನಿಗೆ ಸಂದೇಹವೆಂಬುದೇ ಇಲ್ಲ. ಹಾಸ್ಟೆಲಿನ ತರುಣನಿಗೆ ಎರಡನೆಯವನು ಹೆಚ್ಚು ಹಿಡಿಸಿದ್ದು ಸಹಜವೇ.

ರಾಂಡಳ ಕಾದಂಬರಿಯಲ್ಲಿ ಪ್ರತಿಭಾವಂತರನ್ನು ಕಾಡುವವರು ಸರ್ಕಾರದ ಅಧಿಕಾರಿಗಳು. ನಮ್ಮ ಓದುಗನಿಗೆ ಈ ಭಾಗ ಕಾಲ್ಪನಿಕವೆಂದು ತೋರಲಿಲ್ಲ, ಏಕೆಂದರೆ ಲೈಸೆನ್ಸಿಗಾಗಿ ದೆಹಲಿಯ ಮೊಗಸಾಲೆಯಲ್ಲಿ ಕಾದವರು ಇಲ್ಲಿಯೂ ಬೇಕಾದಷ್ಟು ಮಂದಿ ಇದ್ದರು. ಆ ವ್ಯವಸ್ಥೆಗೆ 'ಪರ್ಮಿಟ್-ಲೈಸೆನ್ಸ್-ಕೋಟಾ ರಾಜ್ಯ'ವೆಂದು ಹೆಸರಿಟ್ಟು, 1959ರಲ್ಲಿ ಸ್ವತಂತ್ರ ಪಕ್ಷವನ್ನು ಕಟ್ಟಿದವರು ರಾಜಾಜಿ. ಅವರ ಹೆಸರನ್ನೇ ಹೊತ್ತ ರಾಜಾಜಿನಗರದಲ್ಲಿ ಸರ್ಕಾರವು ಕೈಗಾರಿಕಾ ವಸಾಹತು ಕಟ್ಟಿಸಿತೆಂಬುದು ಚರಿತ್ರೆಯ ಒಂದು ವಿನೋದ. ಇನ್ನೊಬ್ಬರು ನಮ್ಮ ಕರಾವಳಿಯವರು. ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು ಇಂದು ಕಾಸರಗೋಡು ಜಿಲ್ಲೆಯಲ್ಲಿರುವ ಬೆಳ್ಳಿಕೋತಿನಲ್ಲಿ 1905ರಲ್ಲಿ, ಎಂದರೆ ರಾಂಡ್ ಹುಟ್ಟಿದ ವರ್ಷದಲ್ಲೇ, ಜನಿಸಿದ ಬಿ. ಆರ್. ಶೆಣೈ. ಲಂಡನ್ನಿನಲ್ಲಿ ಅರ್ಥಶಾಸ್ತ್ರವನ್ನು ಅಭ್ಯಸಿಸಿದ ಇವರು, 1955ರಲ್ಲಿ ಎರಡನೆಯ ಪಂಚವಾರ್ಷಿಕ ಯೋಜನೆಯನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ಮಂಡಲಿಯಲ್ಲಿ ಒಬ್ಬರೇ ಭಿನ್ನಮತದ ಟಿಪ್ಪಣಿ ಬರೆದರು. ಇಲ್ಲದ ಹಣವನ್ನು ಖರ್ಚುಮಾಡಿದರೆ ಬೆಲೆಗಳು ಏರುವುವು, ವಿದೇಶಿ ವಿನಿಮಯ ಬರಿದಾಗುವುದು ಎಂದರು. 1957ರ ವೇಳೆಗೆ ವಿನಿಮಯದ ಮುಗ್ಗಟ್ಟು ಬಂದೇ ಬಂದಿತು. ಗುಂಪು ಒಂದು ಕಡೆ ಹೋಗುವಾಗ ಒಬ್ಬನೇ ಇನ್ನೊಂದು ಕಡೆ ನಿಲ್ಲುವ ಗುಂಡಿಗೆ ಕಾದಂಬರಿಯಲ್ಲಿ ಅಗ್ಗ, ಸಮಿತಿಯ ಕೋಣೆಯಲ್ಲಿ ದುಬಾರಿ. ವ್ಯಕ್ತಿವಾದಿಗಳಿಗೆ ನಮ್ಮಲ್ಲಿ ಒಬ್ಬ ನಿಜವಾದ ನಾಯಕ ಬೇಕಾದರೆ ನಾನು ಶೆಣೈಯವರ ಹೆಸರನ್ನು ಹೇಳುವೆನು.

ಪೀಣ್ಯದ ಮಾತಿಗೆ ಬರೋಣ. 1966ರ ಕಾಯಿದೆಯಿಂದ ಹುಟ್ಟಿದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಲಿ ಒಂದು ಕಡೆ, ಸಣ್ಣ ಕೈಗಾರಿಕೆಗಳ ನಿಗಮ ಇನ್ನೊಂದು ಕಡೆ. 1970ರ ದಶಕದಲ್ಲಿ ತುಮಕೂರು ರಸ್ತೆಯ ಪಕ್ಕದ ಹೊಲಗಳು ನಿವೇಶನಗಳೂ ಷೆಡ್ಡುಗಳೂ ಆದುವು. ಅಲ್ಲಿ ನನಗೆ ಪರಿಚಿತರಾದ ವೃದ್ಧ ಯಜಮಾನರೊಬ್ಬರಿದ್ದಾರೆ. ಹೆಂಡತಿಯ ಬಳೆಗಳನ್ನು ಅಡವಿಟ್ಟು ತಂದ ಒಂದು ಲೇತಿನಿಂದ ಪ್ರಾರಂಭಿಸಿ ನಲವತ್ತು ಮಂದಿಗೆ ಕೆಲಸ ಕೊಟ್ಟವರು. ಅವರು ರಾಂಡಳನ್ನು ಓದಿಲ್ಲ. ಅವರ ಮಗ ಓದಿದ್ದಾನೆ.

"ನಾನು ಯಾರ ಹಂಗಿನಲ್ಲೂ ಬೆಳೆದವನಲ್ಲ ಸ್ವಾಮಿ" ಎಂದರು ಒಂದು ದಿನ.

"ಕೆಲಸ ಕಲಿತದ್ದೆಲ್ಲಿ ರಾಯರೆ?" ಎಂದೆ.

"ಎಚ್.ಎಂ.ಟಿ.ಯಲ್ಲಿ. ಮೂರು ವರ್ಷದ ಅಪ್ರೆಂಟಿಸು. ಸ್ಟೈಪೆಂಡ್ ಕೊಡುತ್ತಿದ್ದರು."

"ಈ ಷೆಡ್ಡು?"

"ನಿಗಮದ್ದು. ಕಂತಿನ ಮೇಲೆ ತೆಗೆದುಕೊಂಡೆ."

"ಎರಡನೆಯ ಯಂತ್ರಕ್ಕೆ ಹಣ?"

"ಹಣಕಾಸು ಸಂಸ್ಥೆಯ ಸಾಲ. ಮೊದಲ ಆರ್ಡರೂ ಎಚ್.ಎಂ.ಟಿ.ಯದೇ, ಕೇಳುತ್ತೀರೇನೋ ಎಂದು ನಾನೇ ಹೇಳಿಬಿಡುತ್ತೇನೆ" ಎಂದು ನಕ್ಕರು. ಆಮೇಲೆ ನಗುವನ್ನು ನಿಲ್ಲಿಸಿ, "ಆದರೆ ನನ್ನ ಜೊತೆಯಲ್ಲಿ ಅಪ್ರೆಂಟಿಸ್ ಮುಗಿಸಿ, ಅದೇ ಸಾಲ, ಅಂಥದೇ ಷೆಡ್ಡು ತೆಗೆದುಕೊಂಡವರು ಇನ್ನೂ ಐದು ಜನ ಇದ್ದರು. ಎರಡು ವರ್ಷಕ್ಕೆ ನಾಲ್ಕು ಷೆಡ್ಡು ಬಾಗಿಲು ಹಾಕಿತು. ರಾತ್ರಿ ಎರಡು ಗಂಟೆಗೆ ಮೈಕ್ರೋಮೀಟರ್ ಹಿಡಿದುಕೊಂಡು ನಿಂತಿದ್ದವನು ನಾನು, ನಿಗಮದವರಲ್ಲ" ಎಂದರು.

ಈ ಉತ್ತರಕ್ಕೆ ನನ್ನಲ್ಲಿ ಮರುಮಾತಿರಲಿಲ್ಲ. ನೆಲ, ವಿದ್ಯೆ, ಸಾಲ ಎಲ್ಲವನ್ನೂ ಕೊಟ್ಟರೂ ರಾತ್ರಿ ಎರಡು ಗಂಟೆಯ ಆ ನಿಲುವನ್ನು ಯಾವ ಮಂಡಲಿಯೂ ಹಂಚಲಾರದು. ವೈಟ್‌ಫೀಲ್ಡಿನ ವಸಾಹತಿಗೆ 3,900 ಎಕರೆ ದೊರೆತೂ ಬೇಸಾಯ ಏಳಲಿಲ್ಲ. ಜಾಲಹಳ್ಳಿಯಲ್ಲಿ 1953ರಲ್ಲಿ ಸ್ಥಾಪಿತವಾದ ಎಚ್.ಎಂ.ಟಿ., ಅದರ ಮರುವರ್ಷ ಬಂದ ಬಿ.ಇ.ಎಲ್., ದೂರವಾಣಿನಗರದ ಐ.ಟಿ.ಐ. ಮುಂತಾದ ಸರ್ಕಾರದ ಕಾರ್ಖಾನೆಗಳಲ್ಲಿ ಸಹಸ್ರಾರು ಮಂದಿ ಕೈ ಪಳಗಿಸಿಕೊಂಡರು. ಅವರೆಲ್ಲ ಪೀಣ್ಯಕ್ಕೆ ಬಂದು ಯಜಮಾನರಾಗಲಿಲ್ಲ. ಆದರೆ ಯಜಮಾನರಾದವರಲ್ಲಿ ಎಷ್ಟೋ ಮಂದಿ ಆ ಕಾರ್ಖಾನೆಗಳ ಗೇಟಿನಿಂದಲೇ ಹೊರಬಂದವರು. 1967ರಲ್ಲಿ 47 ಸರಕುಗಳ ತಯಾರಿಕೆಯನ್ನು ಸಣ್ಣ ಕೈಗಾರಿಕೆಗಳಿಗೇ ಮೀಸಲಿಟ್ಟ ಏರ್ಪಾಡು ಮುಂದೆ ಎಂಟುನೂರಕ್ಕೂ ಮೀರಿ ಬೆಳೆದು 2015ರಲ್ಲಿ ಪೂರ್ಣವಾಗಿ ರದ್ದಾಯಿತು. ಅದರ ನೆರಳಿನಲ್ಲಿ ಬೆಳೆದವರೂ ಉಂಟು, ಆ ನೆರಳಿನಿಂದಲೇ ಬೆಳೆಯದೆ ಕುಬ್ಜರಾಗಿ ಉಳಿದವರೂ ಉಂಟು.

ಎಲೆಕ್ಟ್ರಾನಿಕ್ ಸಿಟಿಯ ಕಥೆಯಲ್ಲಿ ಕನಸು ಕಂಡವನು ಸರ್ಕಾರದ ನೌಕರನೆಂಬುದು ವಿಶೇಷ. ರಾಜ್ಯವು 1976ರಲ್ಲಿ ಕಿಯೋನಿಕ್ಸ್ ಎಂಬ ನಿಗಮವನ್ನು ಸ್ಥಾಪಿಸಿತು. ಅದರ ಮೊದಲ ಅಧ್ಯಕ್ಷರಾದ ಆರ್. ಕೆ. ಬಾಳಿಗಾ ಅವರು ಬೆಂಗಳೂರನ್ನು ಭಾರತದ ಸಿಲಿಕಾನ್ ಕಣಿವೆಯನ್ನಾಗಿ ಮಾಡಬೇಕೆಂದು ಹೊರಟು, ಹೊಸೂರು ರಸ್ತೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ಸುಮಾರು 330 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ತಳಹದಿ ಹಾಕಿದರು. ಅವರು ಮಾದರಿಯೆಂದು ಹಿಡಿದ ಅಮೆರಿಕದ ಆ ಕಣಿವೆಯೂ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಭೂಮಿ, ಅಲ್ಲಿನ ಸೈನ್ಯದ ಆರ್ಡರುಗಳು ಇವನ್ನು ಉಂಡು ಬೆಳೆದದ್ದೇ. ರಾಂಡಳ ಕಾದಂಬರಿಯಲ್ಲಿ ಇಂಥ ಅಧಿಕಾರಿಗೆ ಜಾಗವಿಲ್ಲ. ಅಲ್ಲಿ ಸರ್ಕಾರಿ ನೌಕರನೆಂದರೆ ಒಂದೋ ಮೂರ್ಖ, ಇಲ್ಲವೇ ದರೋಡೆಗಾರ.

ಅಲ್ಲಿಗೆ 1994ರಲ್ಲಿ ಬಂದು ನೆಲಸಿದ ಇನ್ಫೋಸಿಸ್ ಕಂಪನಿಯ ಆರಂಭವನ್ನು ಎಲ್ಲರೂ ಬಲ್ಲರು: 1981, ಏಳು ಮಂದಿ ಎಂಜಿನಿಯರುಗಳು, ನಾರಾಯಣ ಮೂರ್ತಿಯವರ ಪತ್ನಿ ಸುಧಾ ಅವರು ಕೊಟ್ಟ 10,000 ರೂಪಾಯಿ. ದೂರವಾಣಿಗೆ ವರ್ಷಗಟ್ಟಲೆ, ಕಂಪ್ಯೂಟರ್ ಆಮದಿನ ಅಪ್ಪಣೆಗೆ ಇನ್ನೂ ಹೆಚ್ಚು ಕಾಲ ಕಾದ ಕಥೆಯನ್ನು ಮೂರ್ತಿಯವರು ಅನೇಕ ಸಭೆಗಳಲ್ಲಿ ಹೇಳಿದ್ದಾರೆ. ಅವರು ಹೇಳುವ ಇನ್ನೊಂದು ಪ್ರಸಂಗ ನನಗೆ ರಾಂಡಳನ್ನು ನೆನಪಿಗೆ ತರುತ್ತದೆ. 1974ರಲ್ಲಿ ಯೂರೋಪಿನಲ್ಲಿ ಅಲೆಯುತ್ತಿದ್ದಾಗ, ಯುಗೊಸ್ಲಾವಿಯ-ಬಲ್ಗೇರಿಯಗಳ ಗಡಿಗೆ ಸಮೀಪದ ನಿಶ್ ಎಂಬ ನಿಲ್ದಾಣದಲ್ಲಿ, ರೈಲಿನಲ್ಲಿ ಒಬ್ಬ ಯುವತಿಯೊಡನೆ ಮಾತನಾಡಿದ ಕಾರಣಕ್ಕೆ ಪೋಲೀಸರು ಅವರನ್ನು ಇಳಿಸಿ, ಅನ್ನ ನೀರಿಲ್ಲದೆ ದಿನಗಟ್ಟಲೆ ಕೂಡಿಹಾಕಿದರು. ಎಡಪಂಥದ ಕಡೆ ಒಲಿದಿದ್ದ ತರುಣನ ಭ್ರಮೆ ಅಲ್ಲಿ ಕಳೆಯಿತು. ರಾಂಡಳಿಗೆ ತಂದೆಯ ಅಂಗಡಿ, ಇವರಿಗೆ ನಿಶ್ ನಿಲ್ದಾಣ. ಇಬ್ಬರನ್ನೂ ತಿರುಗಿಸಿದ್ದು ಒಂದೇ ಬಗೆಯ ಪೆಟ್ಟು. ಆದರೆ ಇಬ್ಬರೂ ಹೋದ ದಾರಿ ಒಂದೇ ಅಲ್ಲ. ಮೂರ್ತಿಯವರು ತಮ್ಮನ್ನು ಕರೆದುಕೊಂಡದ್ದು ಕರುಣೆಯುಳ್ಳ ಬಂಡವಾಳಗಾರನೆಂದು. ರಾಂಡಳಿಗೆ ಆ ವಿಶೇಷಣ ಸಹ್ಯವಾಗುತ್ತಿರಲಿಲ್ಲ.

ಆ ವಿಶೇಷಣ ಎಲ್ಲಿಂದ ಬಂದಿತು? ಕನ್ನಡದ ನೆಲದಲ್ಲಿ ದುಡಿಮೆಯ ಹೆಮ್ಮೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕವೆಂಬುದನ್ನು ಗುರುಲಿಂಗಜಂಗಮರಿಗೂ ತಪ್ಪದ ಕಟ್ಟಳೆಯನ್ನಾಗಿ ಮಾಡಿದರು. ತನ್ನ ಬೆವರಿನದಲ್ಲದ ಅನ್ನವನ್ನು ಉಣ್ಣಬಾರದೆಂದರು. ಇಷ್ಟರವರೆಗೆ ರಾಂಡಳೂ ತಲೆದೂಗಿಯಾಳು. ಆದರೆ ಕಾಯಕದ ಜೊತೆಗೇ ದಾಸೋಹವನ್ನು ಕಟ್ಟಿದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೆಂಡತಿ ಲಕ್ಕಮ್ಮ ಅವನನ್ನು ಹಿಂದಕ್ಕೆ ಅಟ್ಟಿದಳು. ಯಾರಿಗೂ ಬಾಗದ ಇಂಥ ಹೆಣ್ಣನ್ನು ವ್ಯಕ್ತಿವಾದಿಯೆನ್ನದೆ ಇನ್ನೇನೆನ್ನಬೇಕು? ಆದರೆ ಅವಳ ವಿಚಾರ ಅವಳನ್ನು ಕರೆದೊಯ್ದದ್ದು ರಾಶಿಯ ಕಡೆಗಲ್ಲ.

ವೈಟ್‌ಫೀಲ್ಡಿನ ಸುತ್ತ ಇನ್ನೂ ಹಳೆಯ ದಾಖಲೆಯಿದೆ. ಕಾಡುಗೋಡಿಯ ಬಳಿ ದೊರೆತ ಚೋಳರ ಕಾಲದ 1043ರ ಶಾಸನವು, ಗಾವುಂಡನೊಬ್ಬನ ಮಗನು ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿ ತೂಬು ಇಡಿಸಿದ್ದನ್ನು ಹೇಳುತ್ತದೆ. ಆ ವ್ಯಕ್ತಿಯ ಹೆಸರು ಸಾವಿರ ವರ್ಷ ಉಳಿದದ್ದು ಅವನು ಗಳಿಸಿದ್ದರಿಂದಲ್ಲ, ಕಟ್ಟಿಸಿದ್ದರಿಂದ. ಆ ಊರಿನ ಹೆಸರು ಪಟ್ಟಂದೂರು ಅಗ್ರಹಾರ. ಅಗ್ರಹಾರವೆಂದರೆ ಅರಸನು ಕರ ಬಿಟ್ಟು ಕೊಟ್ಟ ದತ್ತಿಯ ಗ್ರಾಮ. ಇದಕ್ಕೆ ಹೊಂದಿಕೊಂಡೇ 1994ರಲ್ಲಿ ಟಾಟಾ ಸಂಸ್ಥೆಗೆ ನೂರಕ್ಕೆ 40, ಸಿಂಗಪುರದವರಿಗೆ 40, ನಮ್ಮ ಸರ್ಕಾರದ ಮಂಡಲಿಗೆ 20 ಪಾಲಿನ ಲೆಕ್ಕದಲ್ಲಿ ಅಂತರರಾಷ್ಟ್ರೀಯ ಟೆಕ್ ಪಾರ್ಕ್ ಹುಟ್ಟಿಕೊಂಡಿತು. ಕೆರೆಗಳ ಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. 2015ರ ಈಚೆಗೆ ವರ್ತೂರು ಕೆರೆಯ ಕೋಡಿಯಿಂದ ನೊರೆ ಎದ್ದು ರಸ್ತೆಯ ಮೇಲೆ ಹಾರಿದ್ದನ್ನೂ, 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಯ ಅಂಗಳಕ್ಕೆ ಬೆಂಕಿ ಬಿದ್ದದ್ದನ್ನೂ ಪತ್ರಿಕೆಗಳಲ್ಲಿ ನೋಡಿದ್ದೇವೆ. ಅಲ್ಲಿ ಪ್ರತಿಯೊಂದು ಮನೆಯವರೂ ತಮ್ಮ ಹಿತವನ್ನು ವಿಚಾರಪೂರ್ವಕವಾಗಿಯೇ ನೋಡಿಕೊಂಡಿದ್ದರು. ಕೊಳಾಯಿಯ ನೀರು ಹೊರಗೆ ಹೋದರೆ ಸಾಕಾಗಿತ್ತು. ಸ್ಮಿತ್ತನ ವ್ಯಾಪಾರಿಯಿಂದ ಊರಿಗೆ ಅನ್ನ ಬಂದಿತು. ಇಲ್ಲಿ ಬಂದದ್ದು ನೊರೆ. 2013ರಲ್ಲಿ ಆ ಕಡೆಯ ನಿವಾಸಿಗಳು 'ವೈಟ್‌ಫೀಲ್ಡ್ ರೈಸಿಂಗ್' ಎಂಬ ಹೆಸರಿನಿಂದ ಒಟ್ಟುಗೂಡಿ ಕಸ, ರಸ್ತೆ, ಕೆರೆಗಳ ವಿಷಯಕ್ಕೆ ಸ್ವತಃ ಬೀದಿಗಿಳಿದರು. ಕಂಪ್ಯೂಟರ್ ಕಂಪನಿಗಳಲ್ಲಿ ದುಡಿಯುವವರು ರವಿವಾರ ಬೆಳಗ್ಗೆ ಪೊರಕೆ ಹಿಡಿದದ್ದು ಯಾವ ಗ್ರಂಥದ ಪ್ರಕಾರವೋ ನಾನು ಕೇಳಹೋಗಲಿಲ್ಲ.

2025ರ ಆಗಸ್ಟ್ 10ರಂದು ಆರ್. ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೆಟ್ರೊ ರೈಲಿನ ಹಳದಿ ಮಾರ್ಗ ತೆರೆಯಿತು. ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿದೊಡನೆ ಬರುವ ನಿಲ್ದಾಣಕ್ಕಾಗಿ ಇನ್ಫೋಸಿಸ್ ಪ್ರತಿಷ್ಠಾನವು 200 ಕೋಟಿ ರೂಪಾಯಿ ನೀಡಲು ಒಪ್ಪಿಕೊಂಡಿತ್ತು. ಅದರ ಫಲಕದ ಮೇಲೆ 'ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ' ಎಂದು ಬರೆದಿದ್ದಾರೆ. ಈ ಕಾಲದ ದಾನಿಯ ಹೆಸರೂ ಹಿಂದಿನ ದತ್ತಿಯ ಹೆಸರೂ ಒಂದೇ ಸಾಲಿನಲ್ಲಿ. ಬೆಳಗಿನ ಗಾಡಿಯಲ್ಲಿ ಅಲ್ಲಿ ಇಳಿಯುವವರ ಕೈಯಲ್ಲಿ ಬಹುಮಟ್ಟಿಗೆ ಫೋನುಗಳೇ. ಮೊನ್ನೆ ಒಬ್ಬ ಹುಡುಗಿಯ ಮಡಿಲಲ್ಲಿ ಮಾತ್ರ ಆ ಸಾವಿರದ ನೂರಕ್ಕೂ ಮೀರಿದ ಪುಟಗಳ ಪುಸ್ತಕವಿತ್ತು. ಅರ್ಧಕ್ಕೆ ಬಂದಿದ್ದಳು.